ಹಗಲು ಬಂದ ದೆವ್ವ

ಕಳೆದ ತಿಂಗಳು ಸಮೇತನಹಳ್ಳಿಗೆ ಹೋಗಿದ್ದೆ. ತಂಗಿಯ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು, ಮಗು ನೋಡಿ ಬರೋಣವೆಂದು. ನಾನು ಹೊಸಿಲು ದಾಟುವ ಹೊತ್ತಿಗೆ ಕೂಸಿಗೆ ನೀರು ಹಾಕಿ ಆಗಿತ್ತು. ತಂಗಿ ಕೆಂಡದ ಮೇಲೆ ತೆಂಗಿನ ನಾರಿಟ್ಟು, ಅದರ ಮೇಲೆ ಸಾಂಬ್ರಾಣಿ ಉದುರಿಸಿ, ಬಿದಿರು ಬುಟ್ಟಿ ಕವುಚಿ, ಮಗುವಿನ ತಲೆಗೂದಲಿಗೆ ಹೊಗೆ ಕೊಡುತ್ತಿದ್ದಳು. ಮಗುವಿನ ಮುಖ ಸರಿಯಾಗಿ ನೋಡುವ ಮೊದಲೇ ನಾನು ಎದ್ದು ಹೊರಗೆ ಬಂದು ಜಗಲಿಯ ಮೇಲೆ ಕೂತೆ.

“ಯಾಕಕ್ಕಾ, ಹೊಗೆ ಆಗಲ್ವಾ ನಿಂಗೆ?” ಅಂತ ತಂಗಿ ಒಳಗಿಂದಲೇ ಕೂಗಿದಳು.

“ಆಗಲ್ಲ ಕಣೇ,” ಅಂದೆ. ಶುದ್ಧ ಸುಳ್ಳು. ಇದೇ ಹೊಗೆಯೊಳಗೆ ನಾನು ಒಂದು ಇಡೀ ಚಳಿಗಾಲ ಕೆಲಸ ಮಾಡಿದ್ದೇನೆ. ಅಷ್ಟು ಸುಖವಾಗಿ ಅದಕ್ಕೆ ಮೊದಲೂ ಕೆಲಸ ಮಾಡಿರಲಿಲ್ಲ, ಆಮೇಲೆ ಮಾಡುವ ಪ್ರಸಂಗವೂ ಬರಲಿಲ್ಲ.

ನಾನೀಗ ನೆಲಮಂಗಲದ ಒಂದು ಕಾಲೇಜಿನಲ್ಲಿ ಸಿನಿಮಾ ಪಾಠ ಹೇಳುತ್ತೇನೆ. ಅದಕ್ಕೆ ಮೊದಲು ಬಹಳ ವರ್ಷ ಸಿನಿಮಾಗಳಲ್ಲಿ ಸಹಾಯಕ ನಿರ್ದೇಶಕಿ, ಆಮೇಲೆ ಸಹ ನಿರ್ದೇಶಕಿ. ಹೆಸರು ಕೇಳಲು ದೊಡ್ಡದು. ಕೆಲಸವೆಂದರೆ ಕಲಾವಿದರನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವುದು, ಉಟ್ಟ ಸೀರೆ ಹಿಂದಿನ ಶಾಟಿನದ್ದೇ ಹೌದೇ ಅಂತ ನೋಡುವುದು, ಬೈಸಿಕೊಳ್ಳುವುದು, ಬೈಯುವುದು. ಕೊನೆಯದರಲ್ಲಿ ನನಗೆ ಒಳ್ಳೆಯ ಹೆಸರಿತ್ತು.

ನಮ್ಮ ಪಠ್ಯದಲ್ಲಿ ಎರಡು ಪಾಠ ಅಕ್ಕಪಕ್ಕ ಕೂತಿವೆ. ಒಂದು, ಸಿನಿಮಾದ ಪ್ರಕಾರಗಳು; ಉದ್ಯಮದವರು ಜಾನರ್ ಅನ್ನುತ್ತಾರೆ. ದೆವ್ವದ್ದು, ಹೊಡೆದಾಟದ್ದು, ಸಂಸಾರದ್ದು, ನಗಿಸುವುದು, ಹೀಗೆ. ಇನ್ನೊಂದು, ಕರ್ತೃ ಸಿದ್ಧಾಂತ. ನೂರು ಜನ ಸೇರಿ ದುಡಿದರೂ ಸಿನಿಮಾಕ್ಕೆ ಕರ್ತೃ ಒಬ್ಬನೇ, ಅವನು ನಿರ್ದೇಶಕ, ಅವನ ಗುರುತು ಪ್ರತಿ ಚೌಕಟ್ಟಿನಲ್ಲೂ ಇರುತ್ತದೆ ಅನ್ನುವ ವಾದ. ನಾನು ಮಕ್ಕಳಿಗೆ ಇದನ್ನು ಅಡುಗೆಮನೆಯ ಕಡೆಯಿಂದ ಹೇಳುತ್ತೇನೆ. ಬಸ್ಸಾರು ಅನ್ನುವುದು ಪ್ರಕಾರ; ಎಲ್ಲರ ಮನೆಯಲ್ಲೂ ಬಸ್ಸಾರೇ. ಆದರೆ ಕೈರುಚಿ ಅಂತ ಒಂದಿದೆಯಲ್ಲ, ಅದು ಕರ್ತೃ. ಮಕ್ಕಳು ನಗುತ್ತಾರೆ, ಬರೆದುಕೊಳ್ಳುತ್ತಾರೆ. ಅನುಕೂಲಗಳು ಇಷ್ಟು, ಅನಾನುಕೂಲಗಳು ಇಷ್ಟು. ಪರೀಕ್ಷೆಯಲ್ಲಿ ಖಾಯಂ ಬರುವ ಪ್ರಶ್ನೆ. ಈ ಎರಡು ಪಾಠ ಮುಗಿಸಿದ ದಿನ ಮಾತ್ರ ನಾನು ಸ್ಟಾಫ್ ರೂಮಿನಲ್ಲಿ ಯಾರೊಂದಿಗೂ ಮಾತಾಡುವುದಿಲ್ಲ. ಇದೇ ಪ್ರಶ್ನೆಯ ಮೇಲೆ ನಾನೂ ಹನುಮಂತರಾಜುವೂ ತ್ಯಾಮಗೊಂಡ್ಲು ಹತ್ತಿರದ ಒಂದು ತೆಂಗಿನ ತೋಟದಲ್ಲಿ ದೀಪಾವಳಿಯಿಂದ ಧನುರ್ಮಾಸದವರೆಗೆ ಜಗಳವಾಡಿದ್ದೆವು.

ರಾಜು ಅದೇ ಸೀಮೆಯವನು. ಸ್ವಲ್ಪ ಹೊಲ, ಎರಡು ಹಸು, ಹೆಂಡತಿ ಸುಜಾತ, ಹೈಸ್ಕೂಲಿಗೆ ಹೋಗುವ ಒಬ್ಬ ಮಗ. ನಾನೂ ಅವನೂ ಎಷ್ಟೋ ನಿರ್ದೇಶಕರ ಕೈಕೆಳಗೆ ಒಟ್ಟಿಗೆ ಸವೆದವರು. ನನಗಿಂತ ಎರಡು ವರ್ಷ ಚಿಕ್ಕವನು. ನಾನು ಎಮ್‌ಎ ಮಾಡಿದ್ದೆನೆಂದು ಗೇಲಿಗೆ ಮೇಡಮ್ನೋರೇ ಅಂತ ಕರೆಯಲು ಶುರುಮಾಡಿದವನು, ಆಮೇಲೆ ಅದನ್ನೇ ಅಭ್ಯಾಸ ಮಾಡಿಕೊಂಡ. ಕಿವಿಯ ಮೇಲಿನ ಕೂದಲು ನೆರೆತ ಮೇಲೆ ಅವನಿಗೆ ಸ್ವಂತ ನಿರ್ದೇಶನದ ಮೊದಲ ಸಿನಿಮಾ ಸಿಕ್ಕಿತು. ಸುದ್ದಿ ಹೇಳಿ ನನ್ನನ್ನೂ ಸಹ ನಿರ್ದೇಶಕಿಯಾಗಿ ಕರೆಯಲು ಫೋನ್ ಮಾಡಿದವನು ಸ್ವಲ್ಪ ಹೊತ್ತು ಏನೂ ಮಾತಾಡಲೇ ಇಲ್ಲ. “ಯಾರದಾದ್ರೂ ಸಾವಿನ ಸುದ್ದೀನಾ?” ಅಂತ ನಾನೇ ಕೇಳಿದೆ.

ಹಣ ಹಾಕಿದವರು ಕೆಂಪಣ್ಣ. ನೆಲಮಂಗಲದ ಹತ್ತಿರ ಅವರ ಜಮೀನಿನಲ್ಲಿ ಈಗ ಗೋಡೌನುಗಳು ನಿಂತಿವೆ. ಸಿನಿಮಾದ ಗಂಧಗಾಳಿ ಇಲ್ಲದಿದ್ದರೂ ನೇರ ಮಾತಿನ ಮನುಷ್ಯ. “ದೆವ್ವದ ಪಿಚ್ಚರ್ ಮಾಡಪ್ಪ,” ಅಂದರು. “ದೆವ್ವಕ್ಕೆ ಹೀರೋ ಬೇಕಾಗಿಲ್ಲ. ಡೇಟ್ ಕೇಳಂಗಿಲ್ಲ. ಜನ ಎಂಗಿದ್ರೂ ನೋಡ್ತಾರೆ.” ರಾಜು ಒಪ್ಪಿದ. ತೋಟದ ಮನೆ, ಸತ್ತುಹೋದ ತಾಯಿ, ಮನೆಯವರಿಗೆ ಅವಳು ಕಾಣಿಸಿಕೊಳ್ಳುವುದು, ಭಯ, ಕೊನೆಗೆ ಅವಳು ಹೋಗುವುದು. ಕಥೆಯ ಮೂಳೆಯೆಲ್ಲ ಪ್ರಕಾರಕ್ಕೆ ಸರಿಯಾಗಿಯೇ ಇತ್ತು. ಒಂದೇ ತಕರಾರು. ಅವನ ದೆವ್ವ ರಾತ್ರಿ ಬರುತ್ತಿರಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಬಂದು ಹಜಾರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿತ್ತು.

ಕೆಂಪಣ್ಣ ಕಥೆ ಕೇಳುತ್ತಿದ್ದವರು ಎದ್ದು ನಿಂತುಬಿಟ್ಟರು. “ಅಲ್ಲಪ್ಪಾ ರಾಜು, ದೆವ್ವ ಹಗಲೊತ್ತು ಬಂದು ಅವರೆಕಾಯಿ ಸುಲುದ್ರೆ ಯಾವನು ಹೆದರ್ತಾನೆ? ಸುಲಿಯಕ್ಕೆ ಇನ್ನೊಂದು ಆಳು ಸಿಕ್ತಲ್ಲ ಅಂತ ಖುಷಿ ಪಡ್ತಾರೆ!”

ನಾನು ನಗು ತಡೆಯಲಾರದೆ ಆಚೆ ತಿರುಗಿದೆ. ರಾಜು ನಗಲಿಲ್ಲ. “ಅಣ್ಣಾ, ನಮ್ಮವ್ವ ಸತ್ಮೇಲೆ ರಾತ್ರಿ ಹೊತ್ತು ನಂಗೆ ಯಾವತ್ತೂ ಭಯ ಆಗಿಲ್ಲ. ದಣಿದಿರ್ತಿದ್ದೆ, ನಿದ್ದೆ ಬಂದ್ಬಿಡೋದು. ಬೆಳಿಗ್ಗೆ ಹತ್ತು ಗಂಟೆಗೆ ಹೊಟ್ಟೆ ಹಸಿದು ಒಳಕ್ಕೆ ಹೋಗ್ತಿದ್ನಲ್ಲ, ಆವಾಗ ಆಗೋದು.”

ಕೆಂಪಣ್ಣ ಮತ್ತೆ ಕೂತರು. “ಸರಿ, ನಿಂಗೆ ತೋಚಿದಂಗೆ ಮಾಡ್ಕೋ. ಆದ್ರೆ ಕೊನೇಲಿ ಒಬ್ಬ ಮಂತ್ರವಾದಿ ಇರ್ಲೇಬೇಕು, ಅದನ್ನ ಬಿಡಲ್ಲ ನಾನು,” ಅಂದರು.

ಆ ವರ್ಷ ಚಳಿ ಬೇಗ ಬಿತ್ತು. ತೋಟದ ಮಾಲೀಕರು ಹಿತ್ತಲಿನ ಕಡೆಯ ಹಳೇ ಮನೆ ನಮಗೆ ಬಿಟ್ಟುಕೊಟ್ಟಿದ್ದರು. ರಾತ್ರಿ ಚಿತ್ರೀಕರಣಕ್ಕೆ ಬೇಕಾದ ದೀಪ, ಜನರೇಟರು ತರುವ ಶಕ್ತಿ ನಮಗಿರಲಿಲ್ಲವಾದ್ದರಿಂದ ಹಗಲು ದೆವ್ವ ಒಂದು ರೀತಿಯಲ್ಲಿ ಅನುಕೂಲವೇ ಆಯಿತು. ಇಬ್ಬನಿ ಕರಗುವ ಮೊದಲೇ ಬಕೆಟ್ಟುಗಳಲ್ಲಿ ತೆಂಗಿನ ನಾರಿಗೆ ಬೆಂಕಿ ಹಾಕಿ ಸಾಂಬ್ರಾಣಿ ಎರಚಿದರೆ, ತೆಂಗಿನ ಗರಿಗಳ ನಡುವೆ ಬಿಸಿಲು ಕೋಲುಕೋಲಾಗಿ ಇಳಿಯುತ್ತಿತ್ತು. ಪಕ್ಕದ ಹೊಲದಲ್ಲಿ ರಾಗಿ ಕೊಯ್ಯುತ್ತಿದ್ದವರು ಕೆಮ್ಮಿ ಕೆಮ್ಮಿ ಸಾಕಾಗಿ, “ಏನ್ರಪ್ಪಾ, ದಿನಾ ಬೆಳಿಗ್ಗೆ ಎಷ್ಟ್ ಮಕ್ಕಳಿಗೆ ನೀರು ಹಾಕ್ತೀರಿ?” ಅಂತ ಕೇಳಿದರು. ಅವತ್ತಿನಿಂದ ನಮ್ಮ ಹುಡುಗರು ಹೊಗೆ ಬೇಕಾದಾಗಲೆಲ್ಲ “ಮಗೂಗೆ ನೀರು ಹಾಕ್ರೋ” ಅಂತಲೇ ಕೂಗುತ್ತಿದ್ದರು.

ತಾಯಿಯ ದೆವ್ವದ ಪಾತ್ರಕ್ಕೆ ದೊಡ್ಡಬಳ್ಳಾಪುರದಿಂದ ರತ್ನಮ್ಮನವರು ಬಂದಿದ್ದರು. ಕಂಪನಿ ನಾಟಕದಲ್ಲಿ ಮುಖಕ್ಕೆ ಬಣ್ಣ ಹಚ್ಚಿಕೊಂಡೇ ಆಯುಷ್ಯ ಕಳೆದವರು, ಎಪ್ಪತ್ತರ ಹತ್ತಿರ ವಯಸ್ಸು. ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದು, “ಅಲ್ಲ ಕಣವ್ವಾ, ದೆವ್ವ ಅಂದ್ಮೇಲೆ ಕೂದ್ಲು ಬಿಟ್ಕೊಂಡು ಕಿರುಚ್ಬೇಕಲ್ವಾ? ಈ ಮಗ ನಂಗೆ ತುರುಬು ಕಟ್ಸಿ ಮೊರ ಕೊಟ್ಟವ್ನೆ,” ಅಂದರು. ರಾಜುವನ್ನು ಅವರು ಮಗ ಅಂತಲೇ ಕರೆಯುತ್ತಿದ್ದುದು. ಅವನಿಗೂ ಅದು ಇಷ್ಟವಿತ್ತು.

ರಾಜು ಕೆಲಸ ಮಾಡುವ ರೀತಿಯೇ ಬೇರೆ. ದೃಶ್ಯಗಳ ಸಾಲು ಒಂದು ಹಾಳೆಯಲ್ಲಿತ್ತು, ಅಷ್ಟೇ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಎಲ್ಲರನ್ನೂ ಸುತ್ತ ಕೂರಿಸಿಕೊಂಡು, ಇಡ್ಲಿ ತಿನ್ನುತ್ತ, ಆ ದಿನದ ದೃಶ್ಯವನ್ನು ಬಾಯಲ್ಲಿ ಹೇಳುವನು. ಯಾರು ಎಲ್ಲಿಂದ ಬರುತ್ತಾರೆ, ಏನು ನೋಡುತ್ತಾರೆ, ಎಷ್ಟು ಹೊತ್ತು ಸುಮ್ಮನಿರುತ್ತಾರೆ. ಹೇಳುವಾಗ ಅವನ ಕೈ ನಮ್ಮ ಕಣ್ಣಿಗೆ ಎಲ್ಲವನ್ನೂ ತೋರಿಸುತ್ತಿತ್ತು. ಬರೆದಿಡು ಮಾರಾಯ ಅಂದರೆ, “ಬರೆದ್ರೆ ಸತ್ತೋಗುತ್ತೆ ಮೇಡಮ್ನೋರೇ,” ಅನ್ನುತ್ತಿದ್ದ. ಕೊನೆಯ ದೃಶ್ಯದ ಎದುರಿಗೆ ಆ ಹಾಳೆಯಲ್ಲಿ ಇದ್ದದ್ದು ಎರಡೇ ಪದ: ಅವ್ವ ಹೋಗುತ್ತಾಳೆ. ಹೇಗೆ ಹೋಗುತ್ತಾಳೆ ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ. “ಅವತ್ತಿನ ದಿನ ಹೇಳ್ತೀನಿ.”

ಜಗಳ ಶುರುವಾಗುತ್ತಿದ್ದುದು ಮಧ್ಯಾಹ್ನದ ಊಟದ ಮೇಲೆ. ನಾನು ಪ್ರಕಾರದ ಪರ. ಪ್ರಕಾರ ಅಂದರೆ ನೋಡುವವನಿಗೆ ಕೊಟ್ಟ ಮಾತು. ಟಿಕೆಟ್ ಕೊಂಡವನು ಆ ಮಾತು ನಂಬಿ ಕತ್ತಲಲ್ಲಿ ಕೂತಿರುತ್ತಾನೆ, ಅವನಿಗೆ ಮೋಸ ಮಾಡಬಾರದು ಅನ್ನುವುದು ನನ್ನ ವಾದ. ರಾಜುವಿಗೆ ಮೈಯೆಲ್ಲ ಉರಿಯುತ್ತಿತ್ತು.

“ನೀವು ಹೇಳೋದು ಅಚ್ಚು ಬೆಲ್ಲದ ಕಥೆ. ಅಚ್ಚಿಗೆ ಹುಯ್ದ್ರೆ ಎಲ್ಲಾ ಒಂದೇ ಆಕಾರ. ಯಾವನ ಗಾಣದ್ದು ಅಂತ ಗೊತ್ತಾಗಲ್ಲ.”

“ಅಚ್ಚಿಲ್ಲದೆ ಹುಯ್ದರೆ ನೆಲದ ಪಾಲು ಕಣೋ ರಾಜು. ಇರುವೆ ತಿನ್ನತ್ತೆ.”

“ತಿನ್ಲಿ ಬಿಡಿ, ಇರುವೆಗಾದ್ರೂ ರುಚಿ ಗೊತ್ತು.”

ಒಂದು ದಿನ ರತ್ನಮ್ಮನವರಿಗೆ ದವಡೆ ಹಲ್ಲು ನೋವು ಬಂದು ಕೆನ್ನೆ ಬೋಂಡದ ಹಾಗೆ ಊದಿಬಿಟ್ಟಿತು. ಅವತ್ತು ತೆಗೆಯಬೇಕಾದದ್ದು ತಾಯಿ ಮೊದಲ ಸಲ ಕಾಣಿಸಿಕೊಳ್ಳುವ ದೃಶ್ಯ. ನಾನು ಪ್ಯಾಕಪ್ ಅಂತ ಹೇಳಲು ಹೊರಟೆ. ರಾಜು ಅವರನ್ನೊಮ್ಮೆ ನೋಡಿ, “ಅಮ್ಮಾ, ಬೆನ್ನು ಈ ಕಡೆ ಮಾಡಿ ಕೂತ್ಕೊಳ್ಳಿ,” ಅಂದ. ಹೊಗೆ, ಬಿಸಿಲು, ತುರುಬು, ಬೆನ್ನು, ಮೊರದಲ್ಲಿ ಕಾಳು ಬೀಳುವ ಸದ್ದು. ಮಾನಿಟರ್ ನೋಡುತ್ತಿದ್ದ ನಾನು ಪ್ಯಾಕಪ್ ಮಾತನ್ನೇ ಮರೆತೆ. ಆಮೇಲೆ ಬಹಳ ಹೊತ್ತಿನವರೆಗೂ ಸಿನಿಮಾದಲ್ಲಿ ಅವರ ಮುಖ ತೋರಿಸಲೇ ಇಲ್ಲ.

ಸಂಜೆ ಅವನನ್ನು ಕೆಣಕಿದೆ. “ನೋಡಪ್ಪ, ಸಿನಿಮಾದ ಕರ್ತೃ ಯಾರು ಅಂತ ಇವತ್ತು ಗೊತ್ತಾಯಿತು. ರತ್ನಮ್ಮನ ದವಡೆ ಹಲ್ಲು.” ಅವನು ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ನಕ್ಕು, ಕಣ್ಣೊರೆಸಿಕೊಂಡು, “ಹಲ್ಲುನೋವು ಎಲ್ರಿಗೂ ಬರುತ್ತೆ ಮೇಡಮ್ನೋರೇ. ಬೆನ್ನು ತಿರುಗ್ಸಿ ಅಂದೋನು ಯಾರು?” ಅಂದ. ಸೋಲು ಒಪ್ಪುವ ಜಾಯಮಾನ ನನ್ನದಲ್ಲ. ಇಷ್ಟೂ ಜನರ ದುಡಿಮೆಯನ್ನು ಒಬ್ಬನ ಹೆಸರಿಗೆ ಬರೆಯುವುದು ಪಾಳೇಗಾರಿಕೆ ಅಂತ ಒಂದು ಮಾತು ಎಸೆದು ಎದ್ದುಹೋದೆ.

ಆಮೇಲೆ ಮದ್ರಾಸು ಕಡೆಯಿಂದ ಸೈಕ್ಲೋನ್ ಮಳೆ ಬಂತು. ಬಿಡದೆ ಜಿನುಗುವ ಜಾತಿಯದು. ಕೊಯ್ದ ರಾಗಿಯೆಲ್ಲ ಹೊಲದಲ್ಲೇ ನೆನೆಯಿತು, ಪಕ್ಕದವರು ಟಾರ್ಪಾಲು ಹೊದಿಸಲು ಓಡಾಡುತ್ತಿದ್ದರೆ ನಮ್ಮ ಹುಡುಗರೂ ಹೋಗಿ ಕೈಹಾಕಿದರು. ಕೆಲಸವಿಲ್ಲದ ಆ ದಿನಗಳಲ್ಲಿ ಒಂದು ಮಧ್ಯಾಹ್ನ ನಾನೂ ರಾಜುವೂ ಹಜಾರದಲ್ಲಿ ಕೂತು, ಶೂಟಿಂಗಿಗೆಂದು ತಂದ ಅವರೆಕಾಯಿ ಕೆಟ್ಟುಹೋಗುತ್ತದೆಂದು ಸುಲಿಯುತ್ತಿದ್ದೆವು. ಆಗ ಅವನು ತನ್ನ ತಾಯಿಯ ವಿಷಯ ಹೇಳಿದ. ಅವಳು ಹೋದಾಗ ಅವನು ಯಾರದೋ ಸಿನಿಮಾದ ಹಾಡಿನ ಚಿತ್ರೀಕರಣಕ್ಕೆ ದೂರದ ಊರಿಗೆ ಹೋಗಿದ್ದ. ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

“ನಾನು ಕಳಿಸಿಕೊಟ್ಟಿಲ್ಲ ಅವಳನ್ನ,” ಅಂದ. “ಅದಕ್ಕೇ ಮನೇಲೇ ಅವ್ಳೆ. ಸುಜಾತಂಗೆ ಹೇಳಿದ್ರೆ ಹೆದರ್ತಾಳೆ ಅಂತ ಹೇಳಿಲ್ಲ. ಈ ಪಿಚ್ಚರ್ ಮುಗಿಯೋ ದಿನ ಎಲ್ರ ಮುಂದೆ ಕಳಿಸಿಕೊಡ್ತೀನಿ. ನಂಗೆ ಇನ್ನೊಂದು ಸಿನಿಮಾ ಸಿಗದಿದ್ರೂ ಪರವಾಗಿಲ್ಲ, ಆ ಒಂದು ಶಾಟು ನಂದಾಗ್ಬೇಕು. ಅದಕ್ಕೇ ಹೇಳೋದು, ಇದು ನನ್ ಸಿನಿಮಾ ಅಂತ.”

ನಾನು ಅವತ್ತು ವಾದ ಮಾಡಲಿಲ್ಲ. ಇಬ್ಬರೂ ಸೇರಿ ಒಂದು ಮೊರ ತುಂಬಾ ಕಾಳು ಬಿಡಿಸಿದೆವು, ರಾತ್ರಿಗೆ ಉಪ್ಪಿಟ್ಟಿಗೆ ಹಾಕಿಸಿದೆವು.

ಮಳೆ ತಿಂದ ದಿನಗಳು ಕೊನೆಗೆ ಕೈಕೊಟ್ಟವು. ಧನುರ್ಮಾಸ ಹತ್ತಿರ ಬಂದಿತ್ತು, ಇನ್ನೂ ಕೊನೆಯ ದೃಶ್ಯ ಬಾಕಿ. ನಮ್ಮ ಉದ್ಯಮದಲ್ಲಿ ಒಂದು ಸಂಪ್ರದಾಯವಿದೆ. ಚಿತ್ರೀಕರಣ ಪೂರ್ತಿ ಮುಗಿದ ದಿನ ಬೂದುಗುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿ, ಕ್ಯಾಮೆರಾಗೂ ಎಲ್ಲರಿಗೂ ನಿವಾಳಿಸಿ ಒಡೆಯುವುದು. ಕುಂಬಳಕಾಯಿ ಆಯ್ತು ಅಂದರೆ ಶೂಟಿಂಗ್ ಮುಗಿಯಿತು ಅಂತಲೇ ಅರ್ಥ. ಕೆಂಪಣ್ಣನವರ ಜೋಯಿಸರು, ಧನುರ್ಮಾಸವೆಂದರೆ ಶೂನ್ಯಮಾಸ, ಅದರಲ್ಲಿ ಇದೆಲ್ಲ ಮಾಡುವಂತಿಲ್ಲ, ಮೊದಲೇ ಒಡೆದುಬಿಡಿ ಅಂದರು. ಒಂದು ದೃಶ್ಯ ತಾನೇ, ಸಂಕ್ರಾಂತಿ ಕಳೆದ ಮೇಲೆ ತೆಗೆದರಾಯಿತು, ಶಾಸ್ತ್ರ ಮಾತ್ರ ಈಗ ಮುಗಿಯಲಿ ಅಂತ ತೀರ್ಮಾನವಾಯಿತು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ, ರತ್ನಮ್ಮನವರೊಬ್ಬರನ್ನು ಬಿಟ್ಟು.

“ಊಟ ಮುಗಿಯೋಕ್ ಮುಂಚೆ ಎಲೆ ಎತ್ತಿದಂಗಾಯ್ತು,” ಅಂದರು ಅವರು.

ರಾಜು ಕುಂಬಳಕಾಯಿ ಹಿಡಿದುಕೊಂಡೇ ನಕ್ಕ. “ಎತ್ತಲಿ ಬಿಡಮ್ಮ. ಕೊನೇ ತುತ್ತು ನನ್ ಕೈಯಲ್ಲೈತೆ.”

ಒಡೆದ. ಹೋಳುಗಳು ತೋಟದ ಮಣ್ಣಿನಲ್ಲಿ ಚದುರಿದವು. ಕುಂಬಳಕಾಯಿ ಒಡೆದ ಮೇಲೆ ನಮ್ಮವರ ಕಾಲು ನಿಲ್ಲುವುದಿಲ್ಲ, ಅದು ಅಭ್ಯಾಸ. ಇನ್ನೊಂದು ದೃಶ್ಯ ಬಾಕಿಯಿದೆ ಅನ್ನುವುದನ್ನೇ ಮರೆತವರ ಹಾಗೆ ಎಲ್ಲರೂ ಕೈಕುಲುಕಿದರು, ಫೋಟೋ ತೆಗೆಸಿಕೊಂಡರು. ಹೊಗೆಯ ಬಕೆಟ್ಟುಗಳನ್ನು ತೊಳೆದು ಬೋರಲು ಹಾಕಿದರು. ಸಂಜೆಯೊಳಗೆ ತೋಟ ಖಾಲಿ. ರಾಜು ಸ್ಕೂಟರಿನಲ್ಲಿ ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು, “ಸಂಕ್ರಾಂತಿ ಆದ್ಮೇಲೆ ಸಿಗ್ತೀನಿ, ಅಲ್ಲಿವರೆಗೂ ಜಗಳಕ್ಕೆ ಪಾಯಿಂಟ್ಸ್ ರೆಡಿ ಮಾಡ್ಕೊಳ್ಳಿ,” ಅಂದ.

ಧನುರ್ಮಾಸದ ಒಂದು ಬೆಳಿಗ್ಗೆ ಅವನು ಡೇರಿಗೆ ಹಾಲು ಹಾಕಿ ಬಂದು, ಕ್ಯಾನು ಪಕ್ಕಕ್ಕಿಟ್ಟು, ಜಗಲಿಯ ಮೇಲೆ ಕೂತ. ಸುಜಾತ ಟೀ ತಂದಾಗ ಎದ್ದೇಳಲಿಲ್ಲ. ಹೃದಯ ನಿಂತಿತ್ತು. ನನಗೆ ಫೋನು ಬಂದಾಗ ಅವಳ ಬಾಯಲ್ಲಿ ಬಂದದ್ದು “ಅಕ್ಕಾ, ಬನ್ನಿ” ಅಷ್ಟೇ.

ನಾನು ಹೋದಾಗ ಅಂಗಳದ ತುಂಬಾ ಜನ. ಕುಂಬಳಕಾಯಿ ಮೊದಲೇ ಒಡೆದರಲ್ಲ, ಅದಕ್ಕೇ ಹೀಗಾಯಿತು ಅಂತ ಯೂನಿಟ್ಟಿನ ಹುಡುಗರು ಮೂಲೆಯಲ್ಲಿ ಗುಸುಗುಸು ಮಾಡುತ್ತಿದ್ದರು. ಅವರ ಮೇಲೆ ಹರಿಹಾಯ್ದೆ. ಕೆಂಪಣ್ಣ ಕಂಬಕ್ಕೆ ತಲೆ ಚಚ್ಚಿಕೊಂಡು, “ನನ್ನಿಂದಾಯ್ತು, ನನ್ನಿಂದಾಯ್ತು” ಅನ್ನುತ್ತಿದ್ದರು. ತರಕಾರಿ ಒಡೆದರೆ ಯಾರ ಹೃದಯವೂ ನಿಲ್ಲುವುದಿಲ್ಲ ಕೆಂಪಣ್ಣ, ಸುಮ್ಮನಿರಿ ಅಂತ ಅವರನ್ನೂ ಗದರಿದೆ. ಅಷ್ಟು ಬುದ್ಧಿ ಹೇಳಿದ ನಾನು ಆ ವರ್ಷವಿಡೀ ನಮ್ಮ ಮನೆಗೆ ಕುಂಬಳಕಾಯಿ ತರಲಿಲ್ಲ. ಅತ್ತದ್ದು ಮಾತ್ರ ಅವತ್ತಲ್ಲ. ವಾರದ ಮೇಲೆ, ಬಸ್ಸಿನಲ್ಲಿ, ಯಾರೋ ಹಿಂದಿನ ಸೀಟಿನಲ್ಲಿ ಫೋನಿನಲ್ಲಿ ಸಿನಿಮಾ ನೋಡುತ್ತಿದ್ದಾಗ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋಗಿದ್ದೆ. ಅಲ್ಲಿ ಯಾರಿಗೂ ಏನು ಮಾಡಬೇಕು ಅನ್ನುವ ಗೊಂದಲವಿರಲಿಲ್ಲ. ಯಾರು ನೀರು ತರಬೇಕು, ಯಾರು ಮುಂದೆ ನಡೆಯಬೇಕು, ಎಡೆಯಲ್ಲಿ ಏನೇನು ಬಡಿಸಬೇಕು, ಎಲ್ಲ ಎಂದೋ ನಿಗದಿಯಾದದ್ದು. ಕುಸಿದುಹೋಗಿದ್ದ ಅವನ ಮಗನನ್ನು ಆ ನಿಗದಿಯೇ ಕೈಹಿಡಿದು ನಡೆಸುತ್ತಿತ್ತು. ಈಗ ಕೂರು, ಈಗ ಏಳು, ಈಗ ಕೈಮುಗಿ. ನಾನು ಇಷ್ಟು ದಿನ ಪ್ರಕಾರ, ಪ್ರಕಾರ ಅಂತ ಗಂಟಲು ಹರಿದುಕೊಂಡಿದ್ದರೂ ಅದು ಯಾತಕ್ಕಾಗಿ ಇದೆ ಅನ್ನುವುದು ಅವತ್ತು ಅರ್ಥವಾಯಿತು. ತಲೆ ಓಡದ ಹೊತ್ತಿನಲ್ಲಿ ಮನುಷ್ಯನಿಗೆ ಹಿಡಿದುಕೊಳ್ಳಲು ಅದು ಬೇಕು. ಎಲ್ಲ ಬಡಿಸಿಯಾದ ಮೇಲೆ ಸುಜಾತ ಒಳಗೆ ಹೋಗಿ ಒಂದು ಲೋಟ ಟೀ, ಅದರ ಪಕ್ಕಕ್ಕೆ ಒಂದು ಚೂರು ಬೆಲ್ಲ ತಂದಿಟ್ಟಳು. ರಾಜು ಬೆಲ್ಲ ಕಚ್ಚಿಕೊಂಡೇ ಟೀ ಕುಡಿಯುತ್ತಿದ್ದುದು. ಎಲೆಯಲ್ಲಿದ್ದ ಉಳಿದದ್ದೆಲ್ಲ ಯಾವ ಮನೆಯ ಯಾರಿಗೆ ಬೇಕಾದರೂ ಬಡಿಸುವಂಥದ್ದು, ಆ ಬೆಲ್ಲದ ಚೂರು ಮಾತ್ರ ಅವನದು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ಊಟವಾದ ಮೇಲೆ ಕೆಂಪಣ್ಣ ಮೆಲ್ಲಗೆ ಕೇಳಿದರು. ಕೊನೆಯ ದೃಶ್ಯ ಏನು ಮಾಡುವುದು? ರಾಜು ಯಾರಿಗಾದರೂ ಹೇಳಿದ್ದನೇ? ನನಗೆ ಹೇಳಿರಲಿಲ್ಲ. ಕ್ಯಾಮೆರಾದವನಿಗೆ, ರತ್ನಮ್ಮನವರಿಗೆ, ಯಾರಿಗೂ ಇಲ್ಲ. ಸುಜಾತಳನ್ನು ಕೇಳಿದೆ. “ಮನೇಲಿ ಸಿನಿಮಾ ಮಾತೇ ಎತ್ತುತ್ತಿರ್ಲಿಲ್ಲ ಅಕ್ಕ. ಹಸು, ಮೇವು, ಮಗನ ಓದು, ಅಷ್ಟೇ,” ಅಂದಳು. ಒಬ್ಬನ ತಲೆಯಲ್ಲಿ ಇಡೀ ಸಿನಿಮಾ ಇಟ್ಟುಕೊಂಡರೆ ಆಗುವ ಗತಿ ಇದು ಅಂತ ನನಗೆ ಅವನ ಮೇಲೆ ಸಿಟ್ಟು ಬಂತು. ಎದುರಿಗೆ ಅವನ ಫೋಟೋ ಹೂವಿನ ಹಾರ ಹಾಕಿಕೊಂಡು ಕೂತಿತ್ತು.

ಕೆಂಪಣ್ಣನವರೇ ದಾರಿ ತೋರಿಸಿದರು. ದೆವ್ವದ ಸಿನಿಮಾ ಹೇಗೆ ಮುಗಿಯುತ್ತದೆಂದು ಎಲ್ಲರಿಗೂ ಗೊತ್ತಲ್ಲ: ಮಂತ್ರವಾದಿ, ನಿಂಬೆಹಣ್ಣು, ರಂಗೋಲಿ, ಬೆಂಕಿ. ದೆವ್ವ ಎದ್ದು ಹೋಗುತ್ತದೆ. ಹೇಗೂ ರಾಜು ಬರೆದದ್ದೂ ಅವ್ವ ಹೋಗುತ್ತಾಳೆ ಅಂತಲೇ. ನಾನು ಒಪ್ಪಿದೆ. ಹೇಗಾದರೂ ಅವಳು ಹೋದರೆ ಸಾಕು, ಅವನ ಆಸೆ ಅಷ್ಟರಮಟ್ಟಿಗಾದರೂ ನಡೆಯಲಿ ಅನ್ನಿಸಿತು.

ಸಂಕ್ರಾಂತಿ ಕಳೆದು ಮತ್ತೆ ಅದೇ ತೋಟದಲ್ಲಿ ಸೇರಿದೆವು. ತಿಂಡಿಯ ಹೊತ್ತಿಗೆ ಎಲ್ಲರೂ ಅಭ್ಯಾಸದ ಮೇಲೆ ಸುತ್ತ ಬಂದು ಕೂತರು. ಹೇಳುವವರಿಲ್ಲ. ಇಡ್ಲಿ ತಿಂದು ಎದ್ದೆವು. ಕೆಂಪಣ್ಣ ಪಂಚೆ ಎತ್ತಿ ಕಟ್ಟಿ ತಾವೇ ಬಕೆಟ್ಟಿಗೆ ನಾರು ತುಂಬಿದರು. ಮಗೂಗೆ ನೀರು ಹಾಕ್ರೋ ಅಂತ ಯಾರೂ ಕೂಗಲಿಲ್ಲ.

ಹಜಾರದಲ್ಲಿ ರತ್ನಮ್ಮನವರು ಮೊರ ಹಿಡಿದು ಕೂತರು. ಎದುರಿಗೆ ಮಂತ್ರವಾದಿಯ ವೇಷದವನು. ಮಂತ್ರ ಮುಗಿದಾಗ ಅವರು ಎದ್ದು, ಹಿತ್ತಲ ಬಾಗಿಲಿನಿಂದ ಹೊಗೆಯೊಳಕ್ಕೆ ನಡೆದುಹೋಗಬೇಕು. ನಾನು ಆ್ಯಕ್ಷನ್ ಅಂದೆ. ಆ ಜಾಗದಲ್ಲಿ ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. ಮಂತ್ರ ಮುಗಿಯಿತು. ರತ್ನಮ್ಮನವರು ಏಳಲಿಲ್ಲ. ಕಾಯಿ ಸುಲಿಯುತ್ತಲೇ ಇದ್ದರು. ಕಟ್ ಹೇಳಿ ಇನ್ನೊಮ್ಮೆ ಮಾಡಿದೆವು. ಮತ್ತೆ ಹಾಗೆಯೇ. ಮಂತ್ರವಾದಿ ನನ್ನ ಮುಖ ನೋಡಿದ. ನಾನು ಹೋಗಿ ಅವರ ಮುಂದೆ ಕುಕ್ಕರಗಾಲಲ್ಲಿ ಕೂತೆ.

“ರತ್ನಮ್ಮಾ, ಈಗ ಎದ್ದು ಹೋಗ್ಬೇಕು ಕಣಮ್ಮ.”

“ಗೊತ್ತು ಕಣವ್ವ. ಕಾಲು ಬರ್ತಿಲ್ಲ.” ಅವರ ಕೈ ನಿಲ್ಲಲಿಲ್ಲ, ಕಾಳು ಮೊರಕ್ಕೆ ಬೀಳುತ್ತಲೇ ಇತ್ತು. “ಹೆಂಗ್ ಹೋಗ್ಬೇಕು ಅಂತ ಆ ಮಗ ಹೇಳ್ದೇನೇ ಹೋದ. ಅವನೂ ಹೋದ, ನಾನೂ ಹೋದ್ರೆ, ಈ ಮನೇಲಿ ಯಾರವ್ವಾ ಇರ್ತಾರೆ?”

ಹೊಗೆಯ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಕೆಂಪಣ್ಣ, ಕಣ್ಣೀರನ್ನು ಭುಜಕ್ಕೆ ಒರೆಸಿಕೊಂಡು, “ಇರ್ಲಿ ಬಿಡ್ರಮ್ಮ,” ಅಂದರು. “ಇಲ್ಲೇ ಇರ್ಲಿ ಆಯಮ್ಮ. ನಂಗೆ ಮಂತ್ರವಾದಿ ಬೇಡ.”

ವೇಷದವನು ಎದ್ದು ಪಕ್ಕಕ್ಕೆ ಹೋದ. ನಾನೂ ಚೌಕಟ್ಟಿನಿಂದ ಆಚೆ ಸರಿದೆ. ಕ್ಯಾಮೆರಾ ಓಡುತ್ತಲೇ ಇತ್ತು. ರತ್ನಮ್ಮನವರು ಬಿಸಿಲಲ್ಲಿ ಕೂತು ಮೊರ ತುಂಬುವವರೆಗೂ ಸುಲಿದರು. ಅದೇ ಸಿನಿಮಾದ ಕೊನೆಯಾಯಿತು. ಕುಂಬಳಕಾಯಿ ಆಗಲೇ ಒಡೆದಾಗಿತ್ತಾದ್ದರಿಂದ ಸುಮ್ಮನೆ ಸಾಮಾನು ಕಟ್ಟಿಕೊಂಡು ಹೊರಟೆವು.

ಸಿನಿಮಾ ಕೆಲವೇ ಥಿಯೇಟರುಗಳಲ್ಲಿ ಬಂದು ಬೇಗ ಎತ್ತಿಹೋಯಿತು. ಆಮೇಲೆ ಜನರ ಫೋನುಗಳಿಗೆ ಸೇರಿತು. ನಿಧಾನವಾಗಿ, ನೋಡಿದವರು ಒಬ್ಬೊಬ್ಬರಾಗಿ ಬರೆಯತೊಡಗಿದರು. ತಾಯಿಯ ಬೆನ್ನನ್ನೇ ತೋರಿಸಿ ಕಾಯಿಸುವ ನಿರ್ದೇಶಕನ ಸಂಯಮ ಅಂತ ಒಬ್ಬರು. ಪ್ರಕಾರದ ಬೇಲಿ ಮುರಿದ ಕರ್ತೃ ಅಂತ ಇನ್ನೊಬ್ಬರು. ದೆವ್ವವನ್ನು ಓಡಿಸದೆ ಮನೆಯಲ್ಲೇ ಉಳಿಸಿಕೊಂಡದ್ದು ಹನುಮಂತರಾಜುವಿನ ಧೈರ್ಯ ಅಂತ ಎಲ್ಲರೂ. ರತ್ನಮ್ಮನ ಹಲ್ಲು, ಅವರ ಕಾಲು, ಕೆಂಪಣ್ಣನ ಕಣ್ಣೀರು, ಸೈಕ್ಲೋನು, ಎಲ್ಲವೂ ಅವನ ಹೆಸರಿಗೆ ಜಮೆಯಾದವು. ಅವನು ಬಾಯಿಬಿಟ್ಟು ಕೇಳಿದ್ದ ಒಂದೇ ಒಂದು ಶಾಟು ಅದರಲ್ಲಿಲ್ಲ. ಪದ್ಧತಿಯ ಪ್ರಕಾರ ಟೈಟಲಿನಲ್ಲಿ ಕೊನೆಗೆ ಬರುವುದು ನಿರ್ದೇಶಕನ ಹೆಸರು. ಅದರ ಜೊತೆಗೆ ನನ್ನದನ್ನೂ ಹಾಕೋಣವೆಂದು ಕೆಂಪಣ್ಣ ಕೇಳಿದ್ದರು. ಬೇಡ ಅಂದೆ. ದೊಡ್ಡತನವೇನಲ್ಲ, ನನ್ನ ಹೆಸರು ಹಾಕುವಂಥದ್ದನ್ನು ಅವತ್ತು ನಾನು ಏನೂ ಮಾಡಿರಲಿಲ್ಲ.

ಸಮೇತನಹಳ್ಳಿಯಿಂದ ಬಂದ ಮೇಲೆ ಮನಸ್ಸು ನಿಲ್ಲಲಿಲ್ಲ. ಮೊನ್ನೆ ಭಾನುವಾರ ಸುಜಾತಳನ್ನು ನೋಡಲು ಹೋದೆ. ಇಷ್ಟು ವರ್ಷ ಅವಳು ಆ ಸಿನಿಮಾ ನೋಡಿರಲಿಲ್ಲ, ನಾನೂ ಒತ್ತಾಯ ಮಾಡಿರಲಿಲ್ಲ. ಈಗ ಮಗನ ಫೋನಿನಲ್ಲಿ ನೋಡಿದಳಂತೆ. ಹಸುವಿಗೆ ಮೇವು ಹಾಕಿ ಬಂದು, ಕೈತೊಳೆದು, ನನ್ನ ಪಕ್ಕ ಕೂತಳು.

“ಅಕ್ಕಾ, ಒಂದ್ ಮಾತು ಕೇಳ್ಲಾ? ಕೊನೇಲಿ ನಮ್ಮತ್ತೆ ಹೋಗ್ಬೇಕು ಅಂತ ಅಲ್ವಾ ಇವರು ಅಂದ್ಕೊಂಡಿದ್ದು?”

“ನಿಂಗೆ ಹೇಳಿದ್ನಾ?”

“ಇಲ್ಲ. ಹಂಗೇ ಅನ್ನಿಸ್ತು. ಊಟಕ್ಕೆ ಕೂತಾಗ ಒಂದೊಂದ್ಸಲ ಬಾಗಿಲ ಕಡೆ ನೋಡೋರು.”

“ಹೌದು. ಹೋಗ್ಬೇಕು ಅಂತಲೇ ಇತ್ತು.”

“ಹೋಗ್ಲೇ ಇಲ್ವಲ್ಲ ಅಕ್ಕ.”

“ಇಲ್ಲ.”

ಅವಳೂ ಬಾಗಿಲ ಕಡೆ ನೋಡಿದಳು. ಆ ಚಳಿಗಾಲವಿಡೀ ನಾನು ವಾದಿಸಿದ್ದು, ಸಿನಿಮಾ ಯಾರೊಬ್ಬನ ಸೊತ್ತೂ ಅಲ್ಲ ಅಂತ. ನಾನು ಹೇಳಿದ್ದೇ ಸರಿಯಾಯಿತು. ಅವನಿಲ್ಲದೆಯೂ ಅದು ಮುಗಿಯಿತು, ಜನರನ್ನು ಮುಟ್ಟಿತು, ಹೊಗಳಿಸಿಕೊಂಡಿತು. ಇಷ್ಟು ದೊಡ್ಡ ಗೆಲುವನ್ನು ನಾನು ಯಾರ ಮುಂದೆ ಹೇಳಿಕೊಳ್ಳಲಿ? ಹೇಳಿಕೊಳ್ಳಬೇಕಾದವನು ಒಬ್ಬನೇ ಇದ್ದ, ಅವನು ಖಂಡಿತ ಒಪ್ಪುತ್ತಿರಲಿಲ್ಲ.

“ಇವರಿದ್ದು ನೋಡಿದ್ರೆ ಏನಂತಿದ್ರು ಅಕ್ಕ?” ಅಂತ ಸುಜಾತ ಕೇಳಿದಳು.

“ಏನಂತಾನೆ? ಇದು ನನ್ ಸಿನಿಮಾ ಅಲ್ಲ, ನೀವೆಲ್ಲ ಸೇರಿ ಕೆಡಿಸಿಬಿಟ್ರಿ ಅಂತ ಇಡೀ ತೋಟ ಕೇಳೋ ಹಂಗೆ ಕೂಗಾಡ್ತಿದ್ದ.”

ಅವಳಿಗೆ ನಗು ಬಂತು. ನಗುತ್ತಲೇ ಸೆರಗು ಮುಖಕ್ಕೆ ಒತ್ತಿಕೊಂಡಳು.

“ಕೂಗಾಡ್ಬೇಕಿತ್ತು ಅಕ್ಕ,” ಅಂದಳು. “ಬಂದು ಕೂಗಾಡ್ಬೇಕಿತ್ತು.”